ಉಂಡು ಬಡವಾದ ಹುಲ್ಲುಗಾವಲು

1856ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಜಮೀನುದಾರ ಜಾನ್ ಬೆನೆಟ್ ಲಾಸ್ ಮತ್ತು ರಸಾಯನಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಸುಮಾರು 7 ಎಕರೆಯ ಹಳೆಯ ಹುಲ್ಲುಗಾವಲೊಂದನ್ನು ಪಟ್ಟಿಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಹಾಕಿಸತೊಡಗಿದರು. ಲಾಸ್ ಸ್ವತಃ ಗೊಬ್ಬರದ ಕಾರ್ಖಾನೆಯ ಒಡೆಯ. ಯಾವ ಗೊಬ್ಬರದಿಂದ ಒಣಹುಲ್ಲು ಹೆಚ್ಚೀತು ಎಂಬುದೇ ಅವರ ಪ್ರಶ್ನೆಯಾಗಿತ್ತು.

ಸಾರಜನಕ ಬಿದ್ದಲ್ಲಿ ಹುಲ್ಲೇನೋ ಹುಲುಸಾಯಿತು. ಆದರೆ ಎರಡು ಮೂರು ವರ್ಷಗಳಲ್ಲಿಯೇ ಪಟ್ಟಿಗಳು ಒಂದೇ ಹೊಲದವೆಂದು ಹೇಳಲಾಗದಷ್ಟು ಬೇರೆಯಾದವು. ಗೊಬ್ಬರ ಕಾಣದ ಪಟ್ಟಿಯಲ್ಲಿ ಇಂದಿಗೂ ಸುಮಾರು 40 ಜಾತಿಯ ಸಸ್ಯಗಳಿವೆ; ಸುಣ್ಣವಿಲ್ಲದೆ ಅಮೋನಿಯಂ ಸಲ್ಫೇಟನ್ನೇ ಹೇರಳವಾಗಿ ಉಂಡ ಪಟ್ಟಿಯಲ್ಲಿ ಉಳಿದವು ಎರಡು ಮೂರು ಮಾತ್ರ.

ಕಾರಣ ಮಣ್ಣಿನೊಳಗಿದೆ. ಜೀವಾಣುಗಳು ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ಅದರಿಂದ ಕ್ಯಾಲ್ಸಿಯಂ ಮಳೆನೀರಿನೊಡನೆ ಕೆಳಗಿಳಿದು ಹೋಗುತ್ತದೆ. ಅಲ್ಯೂಮಿನಿಯಂ ಕರಗಿ ಬೇರಿಗೆ ವಿಷವಾಗುತ್ತದೆ. ಎರೆಹುಳುಗಳು ಇಲ್ಲವಾಗುತ್ತವೆ, ಸತ್ತ ಹುಲ್ಲು ಕೊಳೆಯದೆ ಚಾಪೆಯಂತೆ ಮೇಲೆಯೇ ಬಿದ್ದಿರುತ್ತದೆ. ಗಿಡಕ್ಕೂ ಮಣ್ಣಿಗೂ ನಡುವಿನ ಕೊಡುಕೊಳೆ ಕುಂಟುತ್ತದೆ. ಗಾಳಿಯ ಸಾರಜನಕವನ್ನು ದುಡಿದು ತರುತ್ತಿದ್ದ ದ್ವಿದಳ ಸಸ್ಯಗಳು, ಅದು ಎಲ್ಲರಿಗೂ ಪುಕ್ಕಟೆಯಾದಾಗ, ಎತ್ತರದ ಹುಲ್ಲಿನ ನೆರಳಿನಲ್ಲಿ ಅಳಿದವು.

1903ರಿಂದ ಪಟ್ಟಿಗಳ ಒಂದೊಂದು ಭಾಗಕ್ಕೆ ಸುಣ್ಣ ಹಾಕಿ ನೋಡಿದರು. ಆಮ್ಲ ತಗ್ಗಿತು; ಆದರೂ ಸಾರಜನಕ ಸುರಿಯುತ್ತಿದ್ದಲ್ಲಿ ಹಳೆಯ ವೈವಿಧ್ಯ ಮರಳಲಿಲ್ಲ. 1989ರ ಬಳಿಕ ಕೆಲವೆಡೆ ಸಾರಜನಕವನ್ನೇ ನಿಲ್ಲಿಸಿದಾಗ ಕಳೆದುಹೋದ ಸಸ್ಯಗಳು ಮೆಲ್ಲನೆ ಹಿಂದಿರುಗಿದವು.

ಪ್ರಯೋಗ ಇನ್ನೂ ನಡೆದಿದೆ. ಹುಲ್ಲಿನ ತೂಕದ ಲೆಕ್ಕದಲ್ಲಿ ಲಾಭವೆಂದು ಕಂಡದ್ದು ಮಣ್ಣಿನ ಲೆಕ್ಕದಲ್ಲಿ ಸಾಲವಾಗಿತ್ತೆಂಬುದನ್ನು ಗೊಬ್ಬರದ ವ್ಯಾಪಾರಿಯೊಬ್ಬನ ಹೊಲವೇ ಲೋಕಕ್ಕೆ ತೋರಿಸಿಕೊಟ್ಟಿತು.