ಹೇಮಾವತಿ ಲೆಕ್ಕ, ಮಳೆ ಲೆಕ್ಕ

2025ರ ಮೇ 31ಕ್ಕೆ ಗುಬ್ಬಿ ತಾಲ್ಲೂಕಿನ ಸುಂಕಾಪುರದ ಹತ್ರ ಲಿಂಕ್ ಕೆನಾಲ್ ಬೇಡ ಅಂತ ರೈತರು ಸೇರಿದ್ದು, ತೋಡಿದ ಕಡೆ ಮಣ್ಣು ತಳ್ಳಿದ್ದು ನಿಮಗೆಲ್ಲ ನೆನಪಿದೆ. ಕುಣಿಗಲ್‌ನೋರು ಕೇಳೋದೂ ಸುಳ್ಳಲ್ಲ. ಕಾಲುವೆ ಕೊನೇಲಿರೋರಿಗೆ ನೀರು ಮುಟ್ಟೋದೇ ಕಷ್ಟ.

ಇದರ ಬೇರು 1924ರ ಮೈಸೂರು–ಮದ್ರಾಸ್ ಒಪ್ಪಂದದಲ್ಲಿದೆ. ಹೇಮಾವತಿಯೂ ಕಾವೇರಿ ಲೆಕ್ಕದ ನೀರೇ. ಗೊರೂರು ಅಣೆಕಟ್ಟು ಮುಗಿಯೋ ಹೊತ್ತಿಗೆ 1979. 2007ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 270 ಟಿಎಂಸಿ ಅಂತು, 2018ರಲ್ಲಿ ಸುಪ್ರೀಂ ಕೋರ್ಟು 14.75 ಸೇರಿಸ್ತು. ನೂರು ವರ್ಷ ಪಾಲಿನದೇ ಮಾತು.

ನದಿ ಹುಟ್ಟೋದು ಮಾತ್ರ ಮೂಡಿಗೆರೆ ಕಡೆ. ಅಲ್ಲಿ ಮೋಡ ಕೈಕೊಟ್ರೆ ಇಲ್ಲಿ ನಮ್ಮ ತೆಂಗಿನ ಗರಿ ಜೋತು ಬೀಳುತ್ತೆ. 2022ರಲ್ಲಿ ತುಮಕೂರು ಅಮಾನಿಕೆರೆ ಕೋಡಿ ಹರೀತು. ಮರುವರ್ಷದ ಆಗಸ್ಟು, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟು! ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ. ಪರಿಹಾರದ ದುಡ್ಡಿಗೆ 2024ರ ಮಾರ್ಚಲ್ಲಿ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯ್ತು. ಹವಾಮಾನ ಬದಲಾವಣೆ ಅಂದ್ರೆ ಮಳೆ ಬರೀ ಕಮ್ಮಿ ಆಗೋದಲ್ಲ, ಒಂದು ವರ್ಷ ಸುರಿದು ಮರುವರ್ಷ ಮುಖ ತಿರುಗಿಸೋದು.

ಪೈಪು ಡ್ಯಾಮಲ್ಲಿರೋದನ್ನ ಸಾಗಿಸುತ್ತೆ ಅಷ್ಟೆ. ತಮಿಳುನಾಡಿನ ಎದುರು ನಮ್ಮ ರಾಜ್ಯ ಸಂಕಷ್ಟ ಸೂತ್ರ ಬೇಕು ಅನ್ನುತ್ತೆ, ಸರಿಯಾಗೇ ಕೇಳುತ್ತೆ. ಅದೇ ಸೂತ್ರ ಗುಬ್ಬಿ, ತುಮಕೂರು, ಕುಣಿಗಲ್ ಮಧ್ಯೆ ಯಾಕೆ ಬೇಡ? ಗೊರೂರು ತುಂಬದ ವರ್ಷ ಯಾವ ತಾಲ್ಲೂಕಿಗೆ ಎಷ್ಟು ದಿನ, ಯಾವ ತೂಬು ಮೊದಲು ಮುಚ್ಚಬೇಕು, ಇದು ಪೈಪು ಇಳಿಸೋಕೆ ಮೊದಲೇ ಬರವಣಿಗೇಲಿ ಆಗಬೇಕು. ಎರಡೂ ತಾಲ್ಲೂಕಿನ ರೈತರು ಒಟ್ಟಿಗೆ ಹೋಗಿ ಕೇಳಬೇಕಾದ ಕಾಗದ ಅದು.