ಕೂಡಿಸಿದ ಫೋಟೋ ಯಾವಾಗ ಸುಳ್ಳಾಗುತ್ತದೆ?

ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂಥದ್ದೊಂದು ಫೋಟೋ ಇರುತ್ತದೆ. ಮಗನ ಮದುವೆಗೆ ಮೊದಲೇ ತೀರಿಹೋದ ಅಪ್ಪ ಮದುಮಕ್ಕಳ ಪಕ್ಕದಲ್ಲಿ ನಿಂತಿರುತ್ತಾರೆ. ಯಾವುದೋ ಹಳೆಯ ಗುರುತಿನ ಚೀಟಿಯಿಂದ ಮುಖ ತೆಗೆದು, ಬೇರೆ ಯಾರದೋ ಮೈಗೆ ಜೋಡಿಸಿ, ಸ್ಟುಡಿಯೋದವರು ಕೂಡಿಸಿರುತ್ತಾರೆ. ಅದನ್ನು ಸುಳ್ಳು ಎಂದು ಯಾರೂ ಹೇಳುವುದಿಲ್ಲ. ಮನೆಯವರು ಅದಕ್ಕೆ ಹಾರ ಹಾಕುತ್ತಾರೆ.

ಅದೇ ಕೆಲಸವನ್ನು ಪತ್ರಿಕೆಯ ಫೋಟೋಗ್ರಾಫರ್ ಮಾಡಿದರೆ ನೌಕರಿ ಹೋಗುತ್ತದೆ. ಎರಡೂ ಕಡೆ ಕೈಚಳಕ ಒಂದೇ. ಹಾಗಾದರೆ ತಪ್ಪು ಎಲ್ಲಿದೆ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು. ಈ ಜಗಳ ಮೊಬೈಲಿನಿಂದ ಶುರುವಾದದ್ದಲ್ಲ, ಕಂಪ್ಯೂಟರಿನಿಂದಲೂ ಅಲ್ಲ. ಇದಕ್ಕೆ 150 ವರ್ಷ ದಾಟಿದೆ.

1857ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ದೊಡ್ಡ ಕಲಾ ಪ್ರದರ್ಶನ ನಡೆಯಿತು. ಅಲ್ಲಿ ಆಸ್ಕರ್ ರೈಲಾಂಡರ್ ಎಂಬಾತ ಒಂದು ಫೋಟೋ ಇಟ್ಟಿದ್ದ. ಮುದುಕನೊಬ್ಬ ಇಬ್ಬರು ಯುವಕರಿಗೆ ದಾರಿ ತೋರಿಸುತ್ತಿದ್ದಾನೆ. ಒಬ್ಬ ಒಳ್ಳೆಯ ದಾರಿಯತ್ತ, ಇನ್ನೊಬ್ಬ ಕೆಟ್ಟ ದಾರಿಯತ್ತ ಹೊರಟಿದ್ದಾನೆ. ಸುತ್ತ ಹತ್ತಾರು ಜನ. ಅಷ್ಟೂ ಜನ ಒಟ್ಟಿಗೆ ಕ್ಯಾಮೆರಾ ಮುಂದೆ ನಿಂತಿರಲೇ ಇಲ್ಲ. 30ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೊಂದಾಗಿ ಮುದ್ರಿಸಿ ಆ ಚಿತ್ರ ಕಟ್ಟಿದ್ದ. ಅದರ ಒಂದು ಪ್ರತಿಯನ್ನು ವಿಕ್ಟೋರಿಯಾ ರಾಣಿ ಕೊಂಡಳು. ಕ್ಯಾಮೆರಾದಿಂದಲೂ ಚಿತ್ರಕಲೆಯಂಥ ಚಿತ್ರ ಕಟ್ಟಬಹುದು ಎಂದು ತೋರಿಸುವುದು ರೈಲಾಂಡರನ ಆಸೆ. ನಡೆದದ್ದನ್ನೇ ತೋರಿಸುತ್ತಿದ್ದೇನೆ ಎಂದು ಅವನು ಹೇಳಲಿಲ್ಲ. ನೋಡಿದವರೂ ಹಾಗೆ ತಿಳಿಯಲಿಲ್ಲ.

ಅದೇ ವರ್ಷ ನಮ್ಮ ದೇಶದಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತ್ತು. ನವೆಂಬರಿನಲ್ಲಿ ಲಖನೌದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಸೇನೆ ಸುಮಾರು 2000 ದಂಗೆಕೋರ ಸಿಪಾಯಿಗಳನ್ನು ಕೊಂದಿತು. ಮರುವರ್ಷ, 1858ರಲ್ಲಿ, ಇಟಲಿ ಮೂಲದ ಫೆಲಿಚೆ ಬಿಯಾಟೊ ಕ್ಯಾಮೆರಾ ಹೊತ್ತು ಅಲ್ಲಿಗೆ ಬಂದ. ಅವನು ತೆಗೆದ ಫೋಟೋದಲ್ಲಿ ಹಿಂದೆ ಗುಂಡೇಟು ತಿಂದ ಕಟ್ಟಡವಿದೆ, ಅಂಗಳದ ತುಂಬ ತಲೆಬುರುಡೆ, ಮೂಳೆಗಳು ಹರಡಿವೆ.

ಆದರೆ ಯುದ್ಧ ಮುಗಿದು ಆಗಲೇ ತಿಂಗಳುಗಳು ಕಳೆದಿದ್ದವು. ಹೆಣಗಳನ್ನು ಮುಚ್ಚಿಯಾಗಿತ್ತು, ಫೋಟೋ ತೆಗೆಯುವವನು ಹಠ ಹಿಡಿದು ಮತ್ತೆ ತೆರೆಸಿದ ಎಂದು ಆ ಕಾಲದ ಬ್ರಿಟಿಷ್ ಅಧಿಕಾರಿಯೊಬ್ಬ ಬರೆದಿಟ್ಟಿದ್ದಾನೆ. ಈ ಫೋಟೋ ಕೂಡಿಸಿದ್ದಲ್ಲ, ತಿದ್ದಿದ್ದೂ ಅಲ್ಲ. ಕ್ಯಾಮೆರಾ ತನ್ನ ಮುಂದೆ ಇದ್ದದ್ದನ್ನೇ ಹಿಡಿದಿದೆ. ಆದರೆ ಮುಂದೆ ಏನಿರಬೇಕು ಎಂಬುದನ್ನು ಫೋಟೋಗ್ರಾಫರನೇ ಸಿದ್ಧ ಮಾಡಿದ್ದ. ಇಂದಿಗೂ ಅದು 1857ರ ಸಾಕ್ಷಿಯೆಂದೇ ಓಡಾಡುತ್ತಿದೆ. ಸತ್ತವರು ನಮ್ಮವರು. ಅವರ ಮೂಳೆಗಳು ಇನ್ನೊಬ್ಬರ ಚಿತ್ರಕ್ಕೆ ಸಾಮಾನುಗಳಾದವು.

ಮುಂದೆ ಸರ್ಕಾರಗಳೂ ಈ ವಿದ್ಯೆ ಕಲಿತವು. ಸೋವಿಯತ್ ರಷ್ಯಾದಲ್ಲಿ ನಿಕೊಲಾಯ್ ಯೆಜೊವ್ ಸ್ಟಾಲಿನ್ನನ ರಹಸ್ಯ ಪೊಲೀಸ್ ಮುಖ್ಯಸ್ಥನಾಗಿದ್ದ. ಕಾಲುವೆಯ ದಂಡೆಯಲ್ಲಿ ಇಬ್ಬರೂ ಜೊತೆಯಾಗಿರುವ ಫೋಟೋ ಇತ್ತು. ಯೆಜೊವ್ ಸ್ಟಾಲಿನ್ನನ ಕಣ್ಣಿಗೆ ಬೇಡವಾದ, 1940ರಲ್ಲಿ ಅವನಿಗೆ ಗುಂಡಿಕ್ಕಿದರು. ಆಮೇಲೆ ಫೋಟೋದಿಂದಲೂ ಅವನನ್ನು ಅಳಿಸಿದರು. ಅವನು ನಿಂತಿದ್ದ ಜಾಗದಲ್ಲಿ ಈಗ ಬರೀ ನೀರು.

ಇವೆಲ್ಲ ದುರುದ್ದೇಶದ ಮಾತಾಯಿತು. ಉದ್ದೇಶ ಕೆಟ್ಟದ್ದಲ್ಲದಿದ್ದರೆ?

2003ರಲ್ಲಿ ಇರಾಕ್ ಯುದ್ಧ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ಬ್ರಯಾನ್ ವಾಲ್ಸ್ಕಿ ಬಸ್ರಾ ಬಳಿ ಫೋಟೋ ತೆಗೆಯುತ್ತಿದ್ದರು. ಒಂದು ಫೋಟೋದಲ್ಲಿ ಸೈನಿಕ ಕೈ ಚಾಚಿ ನಿಂತದ್ದು ಚೆನ್ನಾಗಿ ಬಂದಿತ್ತು. ಸ್ವಲ್ಪ ಹೊತ್ತಿನ ಅಂತರದಲ್ಲಿ ತೆಗೆದ ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡು ಬರುವ ಮನುಷ್ಯ ಚೆನ್ನಾಗಿ ಬಂದಿದ್ದ. ಎರಡನ್ನೂ ಸೇರಿಸಿ ಒಂದು ಮಾಡಿ ಕಳಿಸಿದರು. ಮಾರ್ಚ್ 31ರಂದು ಅದು ಮುಖಪುಟದಲ್ಲಿ ಅಚ್ಚಾಯಿತು. ಹಿಂದೆ ಕೂತ ಜನರಲ್ಲಿ ಕೆಲವರು ಎರಡೆರಡು ಸಲ ಕಾಣುತ್ತಿದ್ದಾರೆ ಎಂದು ಇನ್ನೊಂದು ಪತ್ರಿಕೆಯಲ್ಲಿ ಒಬ್ಬರು ಗುರುತಿಸಿದರು. ವಾಲ್ಸ್ಕಿ ಅವರ ಕೆಲಸ ಹೋಯಿತು.

ಆ ಸೈನಿಕ ನಿಜ, ಆ ಮಗುವೂ ನಿಜ. ಆದರೆ ಪತ್ರಿಕೆ ತೋರಿಸಿದ ಆ ಗಳಿಗೆ ನಡೆದಿರಲೇ ಇಲ್ಲ.

2016ರಲ್ಲಿ ಪ್ರಸಿದ್ಧ ಫೋಟೋಗ್ರಾಫರ್ ಸ್ಟೀವ್ ಮೆಕರಿ ಇದೇ ಸುಳಿಗೆ ಸಿಕ್ಕರು. ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಫೋಟೋ ತೆಗೆದವರು ಇವರೇ. ಇಟಲಿಯ ಪ್ರದರ್ಶನದಲ್ಲಿದ್ದ ಅವರ ಕ್ಯೂಬಾದ ಚಿತ್ರದಲ್ಲಿ ಒಂದು ಕಂಬ ಅರೆಬರೆ ಅಳಿಸಿಹೋಗಿತ್ತು. ಹುಡುಕಿದಾಗ, ಬೇರೆ ಫೋಟೋಗಳಲ್ಲಿ ಮನುಷ್ಯರನ್ನೇ ಅಳಿಸಿದ್ದು ಸಿಕ್ಕಿತು. ನಾನೀಗ ಚಿತ್ರಗಳಲ್ಲಿ ಕಥೆ ಹೇಳುವವನು ಎಂಬುದು ಅವರ ಸಮಜಾಯಿಷಿ. ಆದರೆ ಜನ ಅವರನ್ನು ನಂಬಿದ್ದು ಪತ್ರಿಕಾ ಫೋಟೋಗ್ರಾಫರ್ ಎಂದು. ನಂಬಿಕೆಯನ್ನು ಒಂದು ಹೆಸರಲ್ಲಿ ಪಡೆದು, ಕೆಲಸವನ್ನು ಇನ್ನೊಂದು ಹೆಸರಲ್ಲಿ ಮಾಡಿದರೆ ಜನ ಕೇಳಿಯೇ ಕೇಳುತ್ತಾರೆ.

ನಮಗೆ ತಿಳಿದದ್ದು ಇಷ್ಟು: ಫೋಟೋ ನೋಡುವವರಿಗೆ ತೆಗೆದವರು ಒಂದು ಮಾತು ಕೊಟ್ಟಿರುತ್ತಾರೆ. ಗೋಡೆಯ ಮದುವೆ ಫೋಟೋ ಕೊಟ್ಟ ಮಾತು 'ಅಪ್ಪ ಇದ್ದಿದ್ದರೆ ಹೀಗಿರುತ್ತಿತ್ತು' ಎಂದು. ಪತ್ರಿಕೆಯ ಫೋಟೋ ಕೊಟ್ಟ ಮಾತು 'ಅಲ್ಲಿ ಹೀಗೆ ನಡೆಯಿತು' ಎಂದು. ಪತ್ರಿಕೆಯ ಫೋಟೋದಲ್ಲಿ ಕತ್ತಲಿದ್ದ ಕಡೆ ಸ್ವಲ್ಪ ಬೆಳಕು ಏರಿಸಬಹುದು. ಇದ್ದವರನ್ನು ತೆಗೆಯುವಂತಿಲ್ಲ, ಇಲ್ಲದವರನ್ನು ಸೇರಿಸುವಂತಿಲ್ಲ.

ಈ ಮಾತು ಮುರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2018ರ ಸುಮಾರಿಗೆ ಒಂದು ವಿಡಿಯೋ ದೇಶದ ತುಂಬ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸು ಬಿಟ್ಟು, ಎಚ್ಚರಿಕೆಯ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಏನನ್ನೂ ಸೇರಿಸಿರಲಿಲ್ಲ, ಕತ್ತರಿಸಿದ್ದಷ್ಟೇ.

ಆ ಭಯ ಊರೂರಿಗೆ ಹಬ್ಬಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರ ವಿಡಿಯೋ 'ಮಕ್ಕಳ ಕಳ್ಳರು' ಎಂಬ ಮಾತಿನ ಜೊತೆ ಮುಂದಿನ ಊರು ಮುರ್ಕಿಗೆ ತಲುಪಿತು. ಅಲ್ಲಿ ಗುಂಪು ಅವರನ್ನು ತಡೆದು ಹೊಡೆಯಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಆ ವಿಡಿಯೋದಲ್ಲಿದ್ದವರು ನಿಜವಾಗಿ ಅಲ್ಲಿಗೆ ಬಂದವರೇ. ಸುಳ್ಳಿದ್ದದ್ದು ಜೊತೆಗಿದ್ದ ಎರಡು ಪದಗಳಲ್ಲಿ.

ಅದಕ್ಕೇ ಮೊಬೈಲಿಗೆ ಒಂದು ಫೋಟೋ ಬಂದಾಗ ನಾವು ಮೂರು ವಿಷಯ ಕೇಳಿಕೊಳ್ಳುತ್ತೇವೆ. ಇದನ್ನು ತೆಗೆದವರು ಯಾರು, ಎಲ್ಲಿ, ಯಾವಾಗ? ಇದರ ಅಂಚಿನಾಚೆ, ಇದರ ಮುಂಚೆ, ಇದರ ನಂತರ ಏನಿತ್ತು? ಕೆಳಗಿನ ಬರಹ ಫೋಟೋ ತೆಗೆದವರದ್ದೋ, ಕಳಿಸಿದವರದ್ದೋ? ಮೂರಕ್ಕೂ ಉತ್ತರ ಸಿಗದಿದ್ದರೆ ನಾವು ಅದನ್ನು ಮುಂದೆ ಕಳಿಸುವುದಿಲ್ಲ. ನೀವೂ ಹಾಗೇ ಮಾಡಿ ನೋಡಿ.