ಹೊಳೆಯದ ಗೆರೆ

ಕೊಟ್ಟೂರಿನಲ್ಲಿ ನಾನು ಟೀಚರಾಗಿದ್ದಾಗ ಪಕ್ಕದ ಮನೆಯಲ್ಲೊಂದು ಕೂಸಿತ್ತು. ಎತ್ತಿಕೊಂಡರೆ ಸಾಕು, ಮೈಮೇಲೆ ಗುಳ್ಳೆ ಏಳುತ್ತಿದ್ದವು. "ಬಸರಿದ್ದಾಗ ಗ್ರಹಣ ನೋಡ್ಯಾಳ" ಎಂದು ಓಣಿಯೆಲ್ಲ ತಾಯಿಯನ್ನೇ ಅಂದಿತು. ಅಂದವರಲ್ಲಿ ನಾನೂ ಒಬ್ಬಳು, ಬಿ.ಎಡ್. ಓದಿದವಳು!

ಕೊನೆಗೆ ಮಣಿಪಾಲಕ್ಕೆ ಒಯ್ದು ಚರ್ಮದ ಚೂರು ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯ ಕಥೆ ಶುರುವಾಗುವುದು 1939ರ ಬರ್ಲಿನ್ನಿನಲ್ಲಿ. ಅಲ್ಲಿಗೆ ಹೋಗಿದ್ದ ಅಮೆರಿಕದ ವೈದ್ಯ ಆಲ್ಬರ್ಟ್ ಕೂನ್ಸ್ ಅವರಿಗೆ ಒಂದು ಯೋಚನೆ ಹೊಳೆಯಿತು. ನಮ್ಮ ರಕ್ತದ ಪ್ರತಿಕಾಯಗಳು ತಮಗೆ ಬೇಕಾದದ್ದನ್ನೇ ಹುಡುಕಿ ಅಂಟಿಕೊಳ್ಳುತ್ತವೆ. ಅವಕ್ಕೆ ಹೊಳೆಯುವ ಬಣ್ಣ ಕಟ್ಟಿ ಕಳಿಸಿದರೆ ಹೋಗಿ ಕೂತ ಜಾಗ ಕಾಣಬೇಕಲ್ಲ? 1941ರಲ್ಲಿ ಹಾರ್ವರ್ಡಿನಲ್ಲಿ ಸಂಗಡಿಗರೊಡನೆ ಮಾಡಿಯೇ ತೋರಿಸಿದರು. ಮೊದಲು ರೋಗಾಣುಗಳಿಗೆ, ಮುಂದೆ ಮೈಯೊಳಗಿನ ಪ್ರೋಟೀನುಗಳಿಗೂ ಈ ಉಪಾಯ ಒದಗಿತು.

ರವಿಕೆಗೆ ಲೈನಿಂಗ್ ಹಿಡಿಸುವ ಹೊಲಿಗೆಯಂತೆ, ಮೇಲ್ಚರ್ಮವನ್ನು ಒಳಚರ್ಮಕ್ಕೆ ಹಿಡಿದಿಡುವುದು ಏಳನೆಯ ನಮೂನೆಯ ಕೊಲಾಜೆನ್ ಎಂಬ ಪ್ರೋಟೀನು. ಬಣ್ಣದ ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹಸಿರು ಗೆರೆಯಾಗಿ ಹೊಳೆಯುತ್ತದೆ. ಈ ಕೂಸಿನ ಚರ್ಮದಲ್ಲಿ ಗೆರೆಯೇ ಇರಲಿಲ್ಲ. ಈ ಕಠಿಣ ಬಗೆಯ ದೋಷ ತಂದೆತಾಯಿ ಇಬ್ಬರ ಕಡೆಯಿಂದಲೂ ಬರಬೇಕು; ರಕ್ತಸಂಬಂಧದ ಮದುವೆಗಳಲ್ಲಿ ಅದರ ಸಂಭವ ಹೆಚ್ಚು.

ಆಕೆಯನ್ನು ಸೋದರಮಾವನಿಗೇ ಕೊಟ್ಟಿದ್ದರು. ಕೊಟ್ಟ ಹಿರಿಯರನ್ನು ನಾವ್ಯಾರೂ ಒಂದು ಮಾತು ಕೇಳಿರಲಿಲ್ಲ.